ಹೂಳು, ಹೂಳೆತ್ತುವಿಕೆ

ಹೂಳು: ಹರಿಯುವ ನೀರು ಹೊತ್ತು ತಂದು ಕೆರೆ, ಬಾವಿ, ಕಾಲುವೆ, ಜಲಾಶಯಗಳ ತಳದಲ್ಲಿ ಇಳಿಸುವ ನುಣುಪು ಮಣ್ಣು, ಮರಳು ಹಾಗೂ ಕೊಳೆತ ಸೊಪ್ಪುಸದೆಯ ಪದರ. ಅದನ್ನು ತೆಗೆದು ಹೊರಗೆ ಸಾಗಿಸುವ ಕೆಲಸ ಹೂಳೆತ್ತುವಿಕೆ. ಕನ್ನಡ ನಾಡಿನಲ್ಲಿ ಇದು ಕೆರೆಯಷ್ಟೇ ಹಳೆಯ ಕೆಲಸ. ಈ ಲೇಖನ ಪದದ ಬಳಕೆಗಳನ್ನು ಹೇಳಿ, ಹೆಚ್ಚಿನ ಮಾತನ್ನು ವಿಜಯಪುರ ನಗರ ಮತ್ತು ಅದರ ನೆರೆಯ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ನೀರಿನ ನೆಲೆಗಳಿಗೆ ಮೀಸಲಿಡುತ್ತದೆ. ಹೂಳು ಬರುವುದು ಖಚಿತವೆಂದು ಮೊದಲೇ ಎಣಿಸಿ ಕಟ್ಟಿದ ವ್ಯವಸ್ಥೆಯೂ, ಹೂಳಿನಲ್ಲಿ ಪೂರ್ತಿ ಮುಳುಗಿ ಮತ್ತೆ ಎದ್ದ ಬಾವಡಿ ಎಂಬ ಮೆಟ್ಟಿಲುಬಾವಿಗಳೂ ಒಂದೇ ಊರಿನಲ್ಲಿ ನೋಡಸಿಗುವುದು ಇದಕ್ಕೆ ಕಾರಣ.

ಪದದ ಬಳಕೆ

ಕ್ರಿಯಾಪದವಾಗಿ ಹೂಳು ಎಂದರೆ ಮಣ್ಣಿನೊಳಗೆ ಇಟ್ಟು ಮುಚ್ಚು. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ಮಾತು, ಪಾಲು ಹಾಲಾದ ಹಾಗೆ, ನಡುಗನ್ನಡದ ಹೊತ್ತಿಗೆ ಹಕಾರ ಪಡೆಯಿತು. ಹೂತ, ಹೂತಿಟ್ಟ, ಹೂತುಹೋದ ಎಂಬ ರೂಪಗಳು ಇಂದಿಗೂ ದಿನಬಳಕೆಯವು. ನಿಧಿಯನ್ನು ಹೂಳುತ್ತಾರೆ, ಗೂಟವನ್ನು ಹೂಳುತ್ತಾರೆ. ಸತ್ತವರ ವಿಷಯಕ್ಕೆ ಬಂದರೆ ಉತ್ತರ ಕರ್ನಾಟಕದ ಜನ ಈ ಪದವನ್ನು ಆದಷ್ಟು ಬಿಟ್ಟೇ ಮಾತಾಡುತ್ತಾರೆ. ‘ಮಣ್ಣು ಕೊಟ್ಟು ಬಂದ್ವಿ’, ‘ಮಣ್ಣಿಗೆ ಹೋಗಿದ್ದೆ’ ಎನ್ನುವುದು ಅಲ್ಲಿನ ಮರ್ಯಾದೆಯ ಮಾತು. ಜೋಳವನ್ನು ಮಾತ್ರ ಯಾವ ಸಂಕೋಚವೂ ಇಲ್ಲದೆ ಹೂಳುತ್ತಿದ್ದರು. ನೆಲದೊಳಗೆ ತೋಡಿದ ಹಗೇವಿನಲ್ಲಿ ಜೋಳ ತುಂಬಿ, ಮೇಲೆ ಹೊಟ್ಟು, ಮಣ್ಣು ಹಾಕಿ ಮುಚ್ಚಿದರೆ ಬರಗಾಲಕ್ಕೆ ಆಸರೆಯಾಗುತ್ತಿತ್ತು.

ನಾಮಪದವಾಗಿ ಹೂಳು ಎಂದರೆ ಹೀಗೆ ಮುಚ್ಚುವ ವಸ್ತುವೇ. ಕೆಸರು, ರಾಡಿ, ಗೋಡು, ಗಸಿ, ಮಡ್ಡಿ ಇವೆಲ್ಲ ಅದರ ಹತ್ತಿರದ ಪದಗಳು, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಕೆಸರು ಕಾಲಿಗೆ ಮೆತ್ತುವಂಥದ್ದು. ರಾಡಿ ಎಂದರೆ ಮಳೆ ಬಿದ್ದ ಓಣಿಯ ಸ್ಥಿತಿ. ಗೋಡು ಕೆರೆಯಂಗಳದ ಫಲವತ್ತಾದ ಮೆಕ್ಕಲು, ರೈತ ಹಣ ಕೊಟ್ಟಾದರೂ ಹೊಲಕ್ಕೆ ಹೊಡೆಸುವ ಮಣ್ಣು. ಗಸಿ ಎಣ್ಣೆ, ತುಪ್ಪದ ತಳದಲ್ಲಿ ಕೂರುತ್ತದೆ. ಮಡ್ಡಿಗೂ ಅದೇ ಅರ್ಥವಿದ್ದರೂ ವಿಜಯಪುರದ ಕಡೆ ಮಡ್ಡಿ ಎಂದರೆ ಮೊದಲು ನೆನಪಾಗುವುದು ಗರಸು ತುಂಬಿದ ಎತ್ತರದ ಬಡ ನೆಲ. ಗಡಿಯಾಚೆ ಜತ್ತ, ಸೊಲ್ಲಾಪುರಗಳ ಮರಾಠಿಯಲ್ಲಿ ಹೂಳಿಗೆ ಗಾಳ ಎನ್ನುತ್ತಾರೆ.

ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಪೇಟೆಗಳ ಮನೆಮಾತಿನಲ್ಲಿ ಸ್ವಚ್ಛತೆ, ಶುದ್ಧೀಕರಣ ಎಂಬ ಕಚೇರಿ ಪದಗಳಿಗಿಂತ ‘ಹಸನ’ ಎಂಬುದರ ಓಡಾಟ ಹೆಚ್ಚು. ಜೋಳ ಹಸನ ಮಾಡುತ್ತಾರೆ, ಹೊಲ ಹಸನ ಮಾಡುತ್ತಾರೆ, ಭಾಂವಿ (ಬಾವಿ) ಹಸನ ಮಾಡುತ್ತಾರೆ. ಮೊರದಲ್ಲಿ ಕೇರಿ ಕಲ್ಲು, ಹೊಟ್ಟು ತೆಗೆಯುವುದರಿಂದ ಹಿಡಿದು ಭಾಂವಿಗೆ ಇಳಿದು ಹೂಳು ಹೊರುವವರೆಗೆ ಎಲ್ಲದಕ್ಕೂ ಇದೊಂದೇ ಪದ ಸಾಕು. ಹೂಳೆತ್ತುವಿಕೆ ಎಂಬ ಉದ್ದನೆಯ ನಾಮಪದ ಟೆಂಡರು, ಪತ್ರಿಕೆ, ಶಾಸಕರ ಭಾಷಣಗಳಲ್ಲಿ ಬೆಳೆದದ್ದು.

ಹೂಳು ಕೂರುವ ಬಗೆ

ಓಡುವ ನೀರಿಗೆ ಮಣ್ಣು ಹೊರುವ ಶಕ್ತಿ ಇರುತ್ತದೆ, ನಿಂತ ನೀರಿಗೆ ಇಲ್ಲ. ಹಳ್ಳ ಕೆರೆಗೆ ಸೇರುವ ಬಾಯಿಯಲ್ಲೇ ನೀರಿನ ವೇಗ ಕುಗ್ಗುವುದರಿಂದ ದಪ್ಪ ಮರಳು, ಗರಸು ಅಲ್ಲೇ ಬೀಳುತ್ತದೆ. ಜಿಗುಟು ಮಣ್ಣಿನ ನುಣ್ಣನೆಯ ಕಣಗಳು ಮುಂದಕ್ಕೆ ತೇಲಿ ಏರಿಯ ಬುಡದಲ್ಲಿ, ತೂಬಿನ ಸುತ್ತಮುತ್ತ ನಿಧಾನವಾಗಿ ಇಳಿಯುತ್ತವೆ. ಆದ್ದರಿಂದ ಒಂದೇ ಕೆರೆಯ ಹೂಳು ಎಲ್ಲ ಕಡೆ ಒಂದೇ ಗುಣದ್ದಲ್ಲ. ಬಾಯಿಯ ಕಡೆಯದು ಮನೆ ಕಟ್ಟುವವರಿಗೆ ಬೇಕು, ಏರಿಯ ಕಡೆಯದು ಹೊಲದವರಿಗೆ ಬೇಕು.

ವಿಜಯಪುರ ಜಿಲ್ಲೆಯಲ್ಲಿ ಹೂಳು ಇಷ್ಟು ಬೇಗ ತುಂಬುವುದಕ್ಕೆ ಕಾರಣ ಅಲ್ಲಿನ ಬೇಸಾಯದಲ್ಲೇ ಇದೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಆಚೀಚೆ ಕೆಲವೇ ದಿನಗಳಲ್ಲಿ ಜಡಿದು ಹೋಗುತ್ತದೆ. ಬಿಳಿಜೋಳ, ಕಡಲೆ ಬೆಳೆಯುವ ಎರಿ, ಅಂದರೆ ಕಪ್ಪು ಮಣ್ಣಿನ, ಭೂಮಿಯಲ್ಲಿ ಬಿತ್ತನೆ ಹಿಂಗಾರಿಗೆ. ಅಲ್ಲಿಯವರೆಗೆ, ಅಂದರೆ ಮಳೆ ಹೊಡೆಯುವ ತಿಂಗಳುಗಳಲ್ಲೇ, ಹೊಲ ಬರಿದಾಗಿರುತ್ತದೆ. ಹಸಿ ಹಿಡಿಯಲೆಂದು, ಕಸ ಏಳದಿರಲೆಂದು ಕುಂಟೆ ಹೊಡೆದು ಹರಗಿ ಬಿಟ್ಟ ಸಡಿಲ ಮಣ್ಣಿನ ಮೇಲೆ ಜೋರು ಮಳೆ ಬಿದ್ದರೆ ಮೇಲ್ಪದರ ಹಳ್ಳದ ದಾರಿ ಹಿಡಿಯುತ್ತದೆ. ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕುವ ಪದ್ಧತಿ ಇದನ್ನು ತಡೆಯಲೆಂದೇ ಹುಟ್ಟಿದ್ದು. ಒಡ್ಡು ಒಡೆದ ಹೊಲದ ಮಣ್ಣು ಕೆಳಗಿನ ಕೆರೆಯ ಹೂಳಾಗಿ ಸಿಗುತ್ತದೆ. ಕೆರೆಯಲ್ಲಿ ಹೂಳೆತ್ತಿ, ಮೇಲಿನ ಹೊಲದ ಒಡ್ಡು ಕಟ್ಟದೆ ಬಿಟ್ಟವರು ಅರ್ಧ ಕೆಲಸ ಮಾಡಿದವರು.

ಆದಿಲ್‌ಶಾಹಿ ನೀರಿನ ವ್ಯವಸ್ಥೆ

ವಿಜಯಪುರವನ್ನಾಳಿದ ಸುಲ್ತಾನ ಒಂದನೆಯ ಅಲಿ ಆದಿಲ್ ಷಾನ (1557–1580) ಕಾಲದಲ್ಲಿ ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರು ತರಲಾಯಿತು. ಇರಾನಿನ ಕಡೆಯಿಂದ ಬಂದ ಈ ವಿಧಾನಕ್ಕೆ ಕರೇಜ್ ಎಂದು ಹೆಸರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂತೆ ಮೇಲಕ್ಕೆ ತೆರೆದ ಗುಂಡಿಗಳಿವೆ. ತೋಡುವಾಗ ಮಣ್ಣು ಎತ್ತಲಿಕ್ಕೂ ಗಾಳಿ ಬೆಳಕಿಗೂ ಬೇಕಾಗಿದ್ದ ಈ ಬಾಯಿಗಳನ್ನು ಕೆಲಸ ಮುಗಿದ ಮೇಲೆ ಮುಚ್ಚಲಿಲ್ಲ. ಸುರಂಗದಲ್ಲಿ ಎಲ್ಲೇ ಮಣ್ಣು ಕಟ್ಟಿಕೊಂಡರೂ ಹತ್ತಿರದ ಬಾಯಿಯಿಂದ ಇಳಿದು ತೆಗೆಯಲು ದಾರಿ ಇರಬೇಕಲ್ಲ.

ಮಹಮ್ಮದ್ ಆದಿಲ್ ಷಾನ (1627–1656) ಕಾಲದಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಆಯಿತು. ಅಲ್ಲಿಂದ ಹೊರಟ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಾರೆಕಲ್ಲಿನ ಕವಚದೊಳಗೆ, ನೆಲದಡಿ ಹರಿದು ಊರು ಸೇರುತ್ತಿತ್ತು. ಈ ದಾರಿಯ ನಡುನಡುವೆ ಎದ್ದ ಚೌಕಾಕಾರದ ಗೋಪುರಗಳಿಗೆ ಗಂಜ್ ಎನ್ನುತ್ತಾರೆ. 25ರಿಂದ 40 ಅಡಿ ಎತ್ತರದ ಇವು ಇಂದಿಗೂ ಅಲ್ಲಲ್ಲಿ ನಿಂತಿವೆ. ಹೊಸಬರು ಕಾವಲು ಗೋಪುರಗಳೆಂದುಕೊಂಡು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕೊಳವೆಯ ನೀರು ಗೋಪುರದೊಳಗೆ ಮೇಲಕ್ಕೇರಿ ಮತ್ತೆ ಇಳಿದು ಮುಂದೆ ಸಾಗುವಂತೆ ಮಾಡಿದ್ದರಿಂದ ಎರಡು ಕೆಲಸಗಳಾದವು. ಮೊದಲನೆಯದು, ಒತ್ತಡ ತಗ್ಗಿ ಮಣ್ಣಿನ ಕೊಳವೆ ಒಡೆಯದೆ ಉಳಿಯಿತು. ಎರಡನೆಯದು, ವೇಗ ಕಳೆದುಕೊಂಡ ನೀರು ತಾನು ತಂದ ಮಣ್ಣನ್ನು ಗೋಪುರದ ತಳದಲ್ಲೇ ಬಿಟ್ಟು ಮುಂದೆ ಹೋಯಿತು. ಹೂಳನ್ನು ಊರತುಂಬ ಹರಡಲು ಬಿಡದೆ, ಕೈಗೆ ಸಿಗುವ ಕೆಲವೇ ಜಾಗಗಳಲ್ಲಿ ಕೂರಿಸಿ, ಅಲ್ಲಿಂದ ಕಾಲಕಾಲಕ್ಕೆ ತೆಗೆಯುವ ಯುಕ್ತಿ ಇದು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಸಿಕ್ಕ ಕೀರ್ತಿಯಲ್ಲಿ ಹತ್ತರಲ್ಲೊಂದು ಪಾಲೂ ಗಂಜ್‌ಗಳಿಗೆ ಸಿಕ್ಕಿಲ್ಲ. ಊರಿಗೆ ನೀರುಣಿಸಿದ್ದು ಮಾತ್ರ ಇವೇ. ಹೆನ್ರಿ ಕಝಿನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರ (ವಿಜಯಪುರದ ಹಿಂದಿನ ಹೆಸರು) ವಾಸ್ತುಶಿಲ್ಪದ ಗ್ರಂಥದಲ್ಲಿ ಈ ಜಲವ್ಯವಸ್ಥೆಯ ವಿವರಣೆ ಇದೆ.

ಇಂಥ ವ್ಯವಸ್ಥೆಗೆ ತಪ್ಪದೆ ಬೇಕಾದದ್ದು ನೋಡಿಕೊಳ್ಳುವ ಜನ. 1686ರಲ್ಲಿ ನಗರ ಔರಂಗಜೇಬನ ವಶವಾಗಿ ಆಸ್ಥಾನ ಇಲ್ಲವಾದ ಮೇಲೆ ಜನಸಂಖ್ಯೆ ಕುಸಿಯಿತು. ಗೋಪುರದ ತಳದ ಮಣ್ಣು ತೆಗೆಯುವವರಿಲ್ಲದೆ ಕೊಳವೆಗಳು ಕಟ್ಟಿದವು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಅವರಿಗೆ ಸಿಕ್ಕಿದ್ದು ಗತವೈಭವದ ಹಾಳೂರು. ಕಾಲಾಂತರದಲ್ಲಿ ಭೂತನಾಳ ಕೆರೆ, ಆಮೇಲೆ ಕೃಷ್ಣೆಯ ನೀರು ಊರಿಗೆ ಬಂದವು. ನಲ್ಲಿ ಬಂದ ಮನೆಯವರು ಬಾವಡಿಯ ಕಡೆ ನೋಡುವುದನ್ನು ಬಿಟ್ಟರು.

ತಾಜ್ ಬಾವಡಿ

ನಗರದ ಪಶ್ಚಿಮಕ್ಕೆ, ಮಕ್ಕಾ ದರವಾಜೆಯ ಸಮೀಪ ಇರುವ ತಾಜ್ ಬಾವಡಿ 1620ರದು. ಎರಡನೆಯ ಇಬ್ರಾಹಿಂ ಆದಿಲ್ ಷಾನ ರಾಣಿ ತಾಜ್ ಸುಲ್ತಾನಾಳ ಹೆಸರು ಹೊತ್ತಿದೆ. ಕಟ್ಟಿಸಿದವನು ಮಲಿಕ್ ಸಂದಲ್ ಎಂಬುದು ಪರಂಪರೆ. ಎರಡು ಎಂಟುಮೂಲೆ ಗೋಪುರಗಳ ನಡುವಿನ ದೊಡ್ಡ ಕಮಾನಿನಡಿ ಮೆಟ್ಟಿಲು ಇಳಿದರೆ ಎದುರಿಗೆ ಚೌಕನೆಯ ಕೊಳ: ಒಂದೊಂದು ಬದಿ 223 ಅಡಿ, ಆಳ 52 ಅಡಿ. ಇದಕ್ಕಿಂತ ಹಳೆಯದು ಊರಿನ ಪೂರ್ವದ ಚಾಂದ ಬಾವಡಿ. ಅದು ಒಂದನೆಯ ಅಲಿಯ ಕಾಲದ್ದು, ಅವನ ರಾಣಿ ಚಾಂದಬೀಬಿಯ ಹೆಸರಿನದು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತಾಜ್ ಬಾವಡಿಯ ನೀರು ಹಸಿರುಗಟ್ಟಿತ್ತು. ಬಟ್ಟೆ ಒಗೆದ ಸೋಪಿನ ನೀರು, ಪ್ಲಾಸ್ಟಿಕ್ಕು, ಪೂಜೆಯ ಹೂವು, ವರ್ಷವರ್ಷವೂ ವಿಸರ್ಜಿಸಿದ ಗಣಪತಿ ಮೂರ್ತಿಗಳ ಪ್ಲಾಸ್ಟರು ಎಲ್ಲ ತಳ ಸೇರಿ ಮಣ್ಣಿನೊಂದಿಗೆ ಕಲೆತವು. ಹೊಲದಿಂದ ಬಂದ ಹೂಳಿಗೂ ಊರಿನಿಂದ ಬಂದ ಹೂಳಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಮೊದಲನೆಯದನ್ನು ರೈತ ಬಂದು ಒಯ್ಯುತ್ತಾನೆ. ಎರಡನೆಯದನ್ನು ಕೇಳುವವರಿಲ್ಲ, ಎಲ್ಲಿ ಸುರಿಯಬೇಕೆಂಬುದೇ ತಲೆನೋವು.

2016–17ರ ಸುಮಾರಿಗೆ ನಗರದ ಬಾವಡಿಗಳ ಹೂಳೆತ್ತುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆಗ ಜಲಸಂಪನ್ಮೂಲ ಸಚಿವರಾಗಿದ್ದವರು ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲ. ತಾಜ್ ಬಾವಡಿಯ ನೀರು ಹೊರಹಾಕಿ, ತಳದ ರಾಶಿಯನ್ನು ಯಂತ್ರಗಳಿಂದ ಮೇಲೆತ್ತಲಾಯಿತು. ಕೆಲಸದ ಗಾತ್ರ ಅರಿಯಲು ಸಣ್ಣ ಲೆಕ್ಕ ಸಾಕು. 223 ಅಡಿ ಚೌಕದ ತಳದಲ್ಲಿ ಒಂದೇ ಒಂದು ಅಡಿ ದಪ್ಪ ಹೂಳಿದ್ದರೂ ಅದು ಸುಮಾರು 1,400 ಘನ ಮೀಟರು. ಒಂದು ಟ್ರ್ಯಾಕ್ಟರ್ ಟ್ರಾಲಿಗೆ 3 ಘನ ಮೀಟರಿನಂತೆ ತುಂಬಿದರೆ ಹತ್ತಿರಹತ್ತಿರ 470 ಟ್ರಾಲಿ. ಬಾವಡಿಯಲ್ಲಿ ಕೂತಿದ್ದು ಒಂದೆರಡು ಅಡಿಯಲ್ಲ. ಅದೂ ಸುತ್ತ ಸ್ಮಾರಕದ ಗೋಡೆ, ಕಮಾನು, ಮೆಟ್ಟಿಲುಗಳಿಗೆ ಧಕ್ಕೆಯಾಗದಂತೆ ತೆಗೆಯಬೇಕು. ಕೆರೆಯಂಗಳಕ್ಕೆ ಟಿಪ್ಪರು ನೇರ ಇಳಿದಂತೆ ಬಾವಡಿಗೆ ಇಳಿಯಲಾಗದು.

ಹೂಳು ತೆಗೆದ ಮೇಲೆ ಸೆಲೆ ತೆರೆದು ನೀರು ತಾನಾಗಿ ಬಂತು. ಬಾವಡಿಗಳ ಹೂಳೆತ್ತುವುದರ ಲಾಭ ಇದೇ. ಬಾವಿಯ ತಳದಲ್ಲಿ ಜಿಗುಟು ಮಣ್ಣು ಕೂತರೆ ಸಂಗ್ರಹದ ಜಾಗವೂ ಹೋಗುತ್ತದೆ, ಬಂಡೆಯ ಬಿರುಕಿನಲ್ಲಿ ಬರುವ ಸೆಲೆಯ ಬಾಯಿಯೂ ಕಟ್ಟುತ್ತದೆ.

ಬಾವಿ ಹಸನ ಮಾಡುವ ಕ್ರಮ

ಮನೆಯ, ಹೊಲದ ಬಾವಿಗಳ ಹೂಳು ತೆಗೆಯುವುದು ಬೇಸಗೆಯ ಕೊನೆಯಲ್ಲಿ, ನೀರು ತಳ ಕಂಡಾಗ. ಮೊದಲ ಮಳೆಗೆ ಮುಂಚೆ ಮುಗಿಸಬೇಕೆಂಬ ಅವಸರ ಯಾವಾಗಲೂ ಇರುತ್ತದೆ. ಹಿಂದೆ ಎತ್ತು ಕಟ್ಟಿ ತೊಗಲಿನ ಮೊಟ್ಟೆಯಲ್ಲಿ ನೀರು ಖಾಲಿ ಮಾಡುತ್ತಿದ್ದರು. ಈಗ ಮೋಟಾರು ಆ ಕೆಲಸ ಮಾಡುತ್ತದೆ. ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುವುದು ಹಳೆಯ ರೂಢಿ. ದೀಪ ಆರಿದರೆ ಅಂದು ಯಾರೂ ಇಳಿಯುವಂತಿಲ್ಲ, ಕೆಳಗೆ ಉಸಿರಾಡುವ ಗಾಳಿ ಇಲ್ಲವೆಂದೇ ಅರ್ಥ. ಹಗೇವು ತೆಗೆದಾಗಲೂ ಬಾಯಿ ತೆರೆದು ಬಹಳ ಹೊತ್ತು ಬಿಟ್ಟ ನಂತರವೇ ಇಳಿಯುತ್ತಿದ್ದರು, ಹೂತಿಟ್ಟ ಕಾಳು ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ. ಕೊಳೆತ ಹೂಳು ಕಲಕಿದಾಗ ವಿಷಾನಿಲ ಹೊಮ್ಮುವುದೂ ಉಂಟು. ಆದ್ದರಿಂದ ಮೊದಲು ದೀಪ ಉರಿದ ಮಾತ್ರಕ್ಕೆ ಕೊನೆಯವರೆಗೂ ಅಪಾಯವಿಲ್ಲ ಎನ್ನುವಂತಿಲ್ಲ. ಪ್ರತಿ ಬೇಸಗೆಯಲ್ಲಿ ಒಬ್ಬನನ್ನು ಉಳಿಸಲು ಇನ್ನೊಬ್ಬ ಇಳಿದು ಇಬ್ಬರೂ ಸತ್ತ ಸುದ್ದಿ ಎಲ್ಲಾದರೂ ಬಂದೇ ಬರುತ್ತದೆ.

ಕೆಳಗೆ ಇಬ್ಬರು ಸಲಿಕೆ ಹಿಡಿದು ಬುಟ್ಟಿ ತುಂಬುತ್ತಾರೆ, ಮೇಲೆ ರಾಟೆಯ ಹಗ್ಗ ಎಳೆಯಲು ನಾಲ್ಕು ಜನ ಬೇಕು. ಮೊದಲ ಬುಟ್ಟಿಗಳಲ್ಲಿ ಬರುವುದು ಗಂಜಿಯಂಥ ತೆಳು ಕಪ್ಪು ರಾಡಿ, ಗಬ್ಬು ವಾಸನೆ. ಅದು ಮುಗಿದರೆ ಬಿಗಿಯಾದ ಜಿಗುಟು ಮಣ್ಣು. ಅದರೊಳಗೆ ಊರಿನ ಸಣ್ಣ ಇತಿಹಾಸ ಸಿಗುತ್ತದೆ: ಸೊಟ್ಟಾದ ತಾಮ್ರದ ಕೊಡ, ತಂಬಿಗೆ, ಚೆಂಡು, ಹರಕೆಯ ನಾಣ್ಯ, ಯಾರದೋ ಹಿತ್ತಾಳೆ ಬೀಗ. ಕೊಡ ಬಿದ್ದಾಗಲೆಲ್ಲ ಬಾವಿ ಬತ್ತಿಸಲು ಸಾಧ್ಯವಿಲ್ಲವಲ್ಲ, ಅದಕ್ಕೆ ಪಾತಾಳಗರಡಿ ಇತ್ತು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ತೂಗುಬಿಟ್ಟ ಈ ಸಾಧನ ಓಣಿಗೊಂದು ಮನೆಯಲ್ಲಿ ಇರುತ್ತಿತ್ತು, ಬೇಕಾದವರು ಕೇಳಿ ಒಯ್ಯುತ್ತಿದ್ದರು. ಅದಕ್ಕೂ ಸಿಗದಷ್ಟು ಹೂತುಹೋದದ್ದು ಮಾತ್ರ ಹೂಳೆತ್ತುವ ದಿನ ಹೊರಬರುತ್ತಿತ್ತು. ಕೆಂಪಗಿನ ಗರಸು, ಬಂಡೆ ಕಂಡಾಗ ಕೆಲಸ ಮುಗಿಯಿತು. ಹೊಸ ನೀರು ನಿಂತ ಮೇಲೆ ಗಂಗೆಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಕುಡಿಯುವ ನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಬ್ಲೀಚಿಂಗ್ ಪೌಡರು ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು.

ಕೆರೆ

ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಮೆರೆಯುತ್ತದೆ, ಹೂಳು ತೆಗೆದವನದು ವಿರಳ. ಆದರೂ ನಮ್ಮ ಶಾಸನಗಳು ಈ ವಿಷಯದಲ್ಲಿ ತೀರ ಮೌನವಾಗಿಲ್ಲ. ಕೆರೆಯ ಕೆಳಗಿನ ಗದ್ದೆಯ ಒಂದು ಪಾಲನ್ನು ಕೆರೆಯ ನಿರ್ವಹಣೆಗೆಂದೇ ಬಿಡುವ ಬಿತ್ತುವಟ್ಟ, ಕೆರೆ ನೋಡಿಕೊಳ್ಳುವವರಿಗೆ ಕೊಟ್ಟ ಕೆರೆಗೊಡಗೆ, ಹೂಳು ಹೊರುವ ಬಂಡಿಯ ಖರ್ಚಿಗೆ ಬಿಟ್ಟ ದತ್ತಿ ಇವೆಲ್ಲ ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತವೆ. ಕಟ್ಟುವ ದಿನವೇ ಮುಂದಿನ ಹೂಳಿಗೂ ಹಣ ತೆಗೆದಿಟ್ಟ ಲೆಕ್ಕಾಚಾರ ಅದು. ಗಂಜ್ ಕಟ್ಟಿದವರ ಬುದ್ಧಿಯೂ ಇದೇ ಜಾತಿಯದು. ಇಂದಿನ ಕಾಮಗಾರಿಗಳಲ್ಲಿ ಕಾಣೆಯಾಗಿರುವುದು ಈ ಒಂದು ಅಂಶ. ಈಗ ಹೂಳೆತ್ತುವುದು ದಶಕಕ್ಕೊಮ್ಮೆ ಉದ್ಘಾಟನೆಯೊಂದಿಗೆ ನಡೆಯುವ ಕಾರ್ಯಕ್ರಮ, ಮರುವರ್ಷದ ಮಣ್ಣಿಗೆ ಬಜೆಟ್ಟಿನಲ್ಲಿ ಸಾಲೇ ಇರುವುದಿಲ್ಲ.

ಮಣ್ಣಿನ ಕೆಲಸದಲ್ಲಿ ತಲೆಮಾರುಗಳಿಂದ ನುರಿತವರು ಭೋವಿ ಸಮುದಾಯದವರು. ವಡ್ಡರು ಎಂದೂ ಕರೆಸಿಕೊಂಡ ಇವರ ಆರಾಧ್ಯ ಗುರು ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ. ಹನ್ನೆರಡನೆಯ ಶತಮಾನದ ಈ ಶರಣ ಅಲ್ಲಿ ಕೆರೆ ಕಟ್ಟಿಸಿದ್ದು ಪ್ರಸಿದ್ಧ. ಅಲ್ಲಮಪ್ರಭು ಬಂದು ಅವನನ್ನು ಒಡ್ಡನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನ ಉದ್ದೇಶ ಬೇರೆಯಿತ್ತು. ಆದರೆ ಮಣ್ಣು ಅಗೆಯುವ ಕಾಯಕದ ಜನ ಆ ಮೂದಲಿಕೆಯನ್ನೇ ಬಿರುದಾಗಿ ಹೊತ್ತು ಸಿದ್ಧರಾಮನನ್ನು ತಮ್ಮವನನ್ನಾಗಿ ಮಾಡಿಕೊಂಡರು. ವಿಜಯಪುರದ ಸಿದ್ಧೇಶ್ವರ ಗುಡಿಯ ಸಂಕ್ರಮಣದ ಜಾತ್ರೆಯೂ ಅವನ ಹೆಸರಿನದೇ.

ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ ಮಹಮ್ಮದ್ ಆದಿಲ್ ಷಾ 1633ರಲ್ಲಿ ಕಟ್ಟಿಸಿದ್ದು, ಊರಿಗೂ ಅವನದೇ ಹೆಸರು. ಬಹುಕಾಲ ಹೂಳು, ಜಾಲಿಮುಳ್ಳು ತುಂಬಿ ಒಣಗಿದ್ದ ಈ ಕೆರೆಗೆ 2010ರ ದಶಕದಲ್ಲಿ, ಜಿಲ್ಲೆಯ ಕೆರೆ ತುಂಬುವ ಯೋಜನೆಯಲ್ಲಿ, ಕೃಷ್ಣೆಯ ನೀರು ಹರಿಯಿತು. ಏತ ನೀರಾವರಿಯ ನೀರಿಗೆ ಕರೆಂಟಿನ ಖರ್ಚಿದೆ. ನೂರಾರು ಅಡಿ ಮೇಲೆತ್ತಿ ತಂದ ನೀರನ್ನು ಹೂಳು ತುಂಬಿದ ಕೆರೆಗೆ ಬಿಟ್ಟರೆ ಬೇಗ ಕೋಡಿ ಬೀಳುತ್ತದೆ, ಇಲ್ಲವೆ ಆಳವಿಲ್ಲದೆ ಹರಡಿ ಬಿಸಿಲಿಗೆ ಆರಿಹೋಗುತ್ತದೆ. ಆದ್ದರಿಂದ ಮೊದಲು ಹೂಳು ತೆಗೆದು ಆಮೇಲೆ ನೀರು ಬಿಡುವುದೇ ಲೇಸು. ಎಲ್ಲ ಕಡೆ ಇದೇ ಅನುಕ್ರಮ ನಡೆದಿಲ್ಲ.

ತೆಗೆದ ಹೂಳು ಎಲ್ಲಿಗೆ ಹೋಗಬೇಕು? ಏರಿಯ ಮೇಲೋ ಅಂಗಳದ ಅಂಚಿಗೋ ಸುರಿದರೆ ಎರಡು ಮಳೆಗೆ ಮರಳಿ ಕೆರೆಗೇ ಬರುತ್ತದೆ. ಮಡ್ಡಿ ನೆಲಕ್ಕೆ, ಮಸಾರಿ ಎಂಬ ಕೆಂಪು ನೆಲಕ್ಕೆ ಇದು ವರ: ಜಿಗುಟು ಮಣ್ಣು ಹಸಿ ಹಿಡಿಯುತ್ತದೆ, ಗೊಬ್ಬರದ ಅಂಶವೂ ಇರುತ್ತದೆ. ಎರಿ ಹೊಲಕ್ಕೆ ಹೊಡೆಸಿದರೆ ಅಷ್ಟು ಉಪಯೋಗವಿಲ್ಲ, ಅಲ್ಲಿ ಜಿಗುಟಿಗೇನೂ ಕೊರತೆ ಇಲ್ಲ. ಸವುಳು ನೀರಿನ ಕೆರೆಯದಾದರೆ ಮಣ್ಣು ಪರೀಕ್ಷೆ ಮಾಡಿಸದೆ ಒಯ್ಯಬಾರದು, ಉಪ್ಪಿನ ಅಂಶ ಹೊಲ ಕೆಡಿಸೀತು. ಊರ ಚರಂಡಿ ಸೇರುವ ಕೆರೆಗಳ ಹೂಳಿನಲ್ಲಿ ಭಾರಲೋಹಗಳಿರುವ ಸಂಭವ ಇರುವುದರಿಂದ ತರಕಾರಿ ತೋಟಕ್ಕೆ ಅದು ಸಲ್ಲದು. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಆರಂಭಿಸಿದ ಯೋಜನೆಯ ಹೆಸರಿನಲ್ಲೇ ಅಣೆಕಟ್ಟೆ ಗಾಳಮುಕ್ತ, ಹೊಲ ಗಾಳಯುಕ್ತ ಎಂಬ ಜೋಡಿ ಇದೆ. ಹೂಳು ಹೊರಡುವ ಜಾಗ, ಸೇರುವ ಜಾಗ ಎರಡನ್ನೂ ಹೇಳುವ ಇಷ್ಟು ಜಾಣ ಹೆಸರು ಕನ್ನಡದ ಯಾವ ಯೋಜನೆಗೂ ಬಿದ್ದಿಲ್ಲ.

ಕರ್ನಾಟಕದಲ್ಲಿ 2002ರಿಂದ ವಿಶ್ವಬ್ಯಾಂಕ್ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳ ಮೂಲಕ ಈ ಕೆಲಸ ಮಾಡಿಸಿತು. 2016ರಿಂದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ‘ನಮ್ಮೂರು ನಮ್ಮ ಕೆರೆ’ ಹೆಸರಿನಲ್ಲಿ ನೂರಾರು ಕೆರೆಗಳಿಗೆ ಕೈಹಾಕಿತು. ಉದ್ಯೋಗ ಖಾತ್ರಿಯಲ್ಲೂ ಕೆರೆಯ ಹೂಳೆತ್ತಲು ಅವಕಾಶ ಇದ್ದು, ಬರಗಾಲದ ವರ್ಷಗಳಲ್ಲಿ ಬೇಸಗೆಯ ಕೂಲಿಗೆ ಅದೇ ಆಧಾರವಾಯಿತು.

ಜಲಾಶಯ, ನದಿ

ದೊಡ್ಡ ಅಣೆಕಟ್ಟೆಗಳಲ್ಲಿ ಹೂಳೆತ್ತುವ ಮಾತು ಹೇಳಲು ಸುಲಭ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 1953ರಲ್ಲಿ ಸುಮಾರು 133 ಟಿಎಂಸಿ ಇದ್ದದ್ದು 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿಗೆ ಇಳಿದಿತ್ತು. ಕಳೆದುಕೊಂಡ 27 ಟಿಎಂಸಿ ಜಾಗದ ಮಣ್ಣನ್ನು ಟ್ರಾಲಿಯ ಲೆಕ್ಕಕ್ಕೆ ತಂದರೆ 25 ಕೋಟಿ ಟ್ರಾಲಿ ದಾಟುತ್ತದೆ. ಅಷ್ಟು ಮಣ್ಣು ಹಾಕಲು ಜಾಗ ಕೊಡುವ ಊರು ಯಾವುದು? ಹೀಗಾಗಿ ಹೂಳೆತ್ತುವುದನ್ನು ಬಿಟ್ಟು, ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಮುಂದೆ ಬಂತು. ವಿಜಯಪುರ ಜಿಲ್ಲೆಯ ಆಲಮಟ್ಟಿ ಇನ್ನೂ ಪ್ರಾಯದ ಅಣೆಕಟ್ಟೆ, ಆದರೂ ಇದೇ ದಾರಿಯಲ್ಲಿದೆ.

ಹಳ್ಳಗಳ ವಿಷಯದಲ್ಲಿ ಉತ್ತರ ಕರ್ನಾಟಕದಲ್ಲಿ ಹೆಚ್ಚು ಹೆಸರಾದದ್ದು ಕೊಪ್ಪಳದ ಹಿರೇಹಳ್ಳ. 2019ರ ಬೇಸಗೆಯಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದು ಜನರನ್ನು ಸೇರಿಸಿ, ಸುಮಾರು 26 ಕಿ.ಮೀ. ಉದ್ದಕ್ಕೆ ಜಾಲಿ, ಕಸ, ಹೂಳು ತೆಗೆಸಿದರು.

ವಿಜಯಪುರ ಜಿಲ್ಲೆಯ ಬಾಕಿ ಉಳಿದ ದೊಡ್ಡ ಪ್ರಶ್ನೆ ಡೋಣಿ. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ತಿಕೋಟಾ, ಬಬಲೇಶ್ವರಗಳ ಎರಿ ಸೀಮೆ ಹಾದು, ತಾಳಿಕೋಟೆಯ ಆಚೆ ಕೃಷ್ಣೆ ಸೇರುವ ಈ ಹೊಳೆಯ ದಂಡೆಯ ಜೋಳಕ್ಕೆ ಎಷ್ಟು ಹೆಸರೋ ನೀರಿನ ಸವುಳಿಗೂ ಅಷ್ಟೇ ಹೆಸರು. ಪಾತ್ರ ಆಳವಿಲ್ಲ, ಇಳಿಜಾರು ಕಡಿಮೆ, ಒಳಗೆಲ್ಲ ಜಾಲಿ ಬೆಳೆದಿದೆ. ಜೋರು ಮಳೆ ಬಂದರೆ ಸಾರವಾಡದ ಆಸುಪಾಸಿನ ಹೊಲಗಳಿಗೆ ನುಗ್ಗುತ್ತದೆ, ತಾಳಿಕೋಟೆಯ ಸೇತುವೆ ಮುಳುಗುತ್ತದೆ. ಪ್ರವಾಹ ಬಂದಾಗಲೆಲ್ಲ ಡೋಣಿಯ ಹೂಳೆತ್ತಬೇಕೆಂಬ ಬೇಡಿಕೆ ಏಳುತ್ತದೆ, ನೀರು ಇಳಿದಂತೆ ಬೇಡಿಕೆಯೂ ಇಳಿಯುತ್ತದೆ. ಹೊಳೆ ಕೆರೆಯಂತಲ್ಲ. ಮೇಲಿನಿಂದ ಮಣ್ಣು ಬರುವುದು ನಿಲ್ಲದೆ ಪಾತ್ರವನ್ನಷ್ಟೇ ಅಗೆದರೆ ನಾಲ್ಕಾರು ಮಳೆಗಾಲದಲ್ಲಿ ಅದೇ ಮಟ್ಟಕ್ಕೆ ಬರುತ್ತದೆ. ಹೊಲದ ಒಡ್ಡು, ಹಳ್ಳದ ತಡೆ, ಜಾಲಿ ತೆರವು ಎಲ್ಲ ಒಟ್ಟಿಗೆ ನಡೆದರೆ ಮಾತ್ರ ಖರ್ಚಿಗೆ ಅರ್ಥ.

ಚರಂಡಿ

ಪಟ್ಟಣಗಳಲ್ಲಿ ಹೂಳೆತ್ತುವುದೆಂದರೆ ಮುಖ್ಯವಾಗಿ ಗಟಾರ. ಮಳೆಗಾಲದ ಮುಂಚೆ ತೆಗೆದ ರಾಡಿಯನ್ನು ಗಟಾರದ ದಂಡೆಗೇ ಇಟ್ಟು ಒಣಗಿಸುವುದು ಎಲ್ಲ ಊರುಗಳ ಪದ್ಧತಿ. ಒಯ್ಯುವ ಗಾಡಿ ಬರುವ ಮೊದಲೇ ಮಳೆ ಬಂದರೆ ಮತ್ತೆ ಅದೇ ಗಟಾರ. ಒಳಚರಂಡಿ, ಮಲಗುಂಡಿಗಳಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಸಕ್ಕಿಂಗ್, ಜೆಟ್ಟಿಂಗ್ ಯಂತ್ರಗಳು ಬಂದಿವೆ. ಕಿರಿದಾದ ಹಳೆಯ ಓಣಿಗಳಿಗೆ ಅವು ನುಗ್ಗಲಾರವು ಎಂಬ ನೆಪದಲ್ಲಿ ಇಂದಿಗೂ ಮನುಷ್ಯರೇ ಇಳಿದು ಸಾಯುತ್ತಿದ್ದಾರೆ.

ಅಳತೆ

ಆಡುಮಾತಿನಲ್ಲಿ ಎತ್ತು ಎಂಬುದಕ್ಕೆ ಲಪಟಾಯಿಸು ಎಂಬ ಅರ್ಥವೂ ಇದೆ. ಕೆರೆಯ ಹೂಳು ಎತ್ತಿದರೋ ಹೂಳಿನ ದುಡ್ಡು ಎತ್ತಿದರೋ ಎಂಬ ಕುಹಕ ಪ್ರತಿ ಊರಿನ ಚಹಾದಂಗಡಿಯಲ್ಲಿ ಕೇಳಸಿಗುತ್ತದೆ. ಸಂಶಯಕ್ಕೆ ಕಾರಣ ಕೆಲಸದ ಸ್ವಭಾವದಲ್ಲೇ ಇದೆ: ಕಟ್ಟಡ ಕಣ್ಣಿಗೆ ಕಾಣುತ್ತದೆ, ತೆಗೆದ ಹೂಳು ಕಾಣುವುದಿಲ್ಲ. ಕೆರೆ ತುಂಬಿದ ಮರುದಿನ ಒಂದು ಅಡಿ ಅಗೆದರೋ ಮೂರು ಅಡಿ ಅಗೆದರೋ ಹೇಳುವವರಾರು? ಇದಕ್ಕೆ ಮಣ್ಣಿನ ಕೆಲಸದವರಲ್ಲಿ ಹಳೆಯ ಉಪಾಯವಿದೆ. ಅಗೆಯುವ ಜಾಗದ ನಡುವೆ ಅಲ್ಲಲ್ಲಿ ಮೂಲ ನೆಲದ ಮಟ್ಟದ ಮಣ್ಣಿನ ಕಂಬಗಳನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಕಂಬದ ತಲೆಯಿಂದ ಗುಂಡಿಯ ತಳಕ್ಕೆ ಟೇಪು ಹಿಡಿದರೆ ಆಳ ಗೊತ್ತಾಗುತ್ತದೆ, ಉದ್ದಗಲದಿಂದ ಗುಣಿಸಿ ಕೂಲಿ ಲೆಕ್ಕ ಹಾಕುತ್ತಾರೆ. ಅಳತೆ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಕಂಬ ಕೆಡವುವುದು. ಈಗ ಕೆಲಸಕ್ಕೆ ಮೊದಲು ಹಾಗೂ ನಂತರ ಲೆವೆಲ್ ಯಂತ್ರ, ಜಿಪಿಎಸ್, ಡ್ರೋನ್‌ಗಳಿಂದ ಮಟ್ಟ ತೆಗೆಯುತ್ತಾರೆ. ಆ ಎರಡೂ ನಕ್ಷೆಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಸಾಕು, ಯಾವ ಟ್ರಾಲಿ ಎಷ್ಟು ಸಲ ಓಡಾಡಿತೆಂದು ಬಲ್ಲ ಊರಿನವರು ಉಳಿದ ಲೆಕ್ಕವನ್ನು ತಾವೇ ಮಾಡುತ್ತಾರೆ.